ಸೀರೆ ಉಟ್ಟ ಥಾರ್

“ಮಿಸ್, ಥಾರ್ ಸೀರೆ ಉಟ್ಕೋತಾನಾ?”

ಕೇದಾರ್ ಹೀಗೆ ಕೇಳಿದ್ದೇ ತಡ, ಐದನೇ ಕ್ಲಾಸಿನ ಮಕ್ಕಳೆಲ್ಲ ಬೆಂಚು ಬಡಿದು ನಕ್ಕರು. ನಗದೆ ಕುಳಿತವನು ಲೋಹಿತ್ ಒಬ್ಬನೇ. ಏಕೆಂದರೆ ಸ್ಕೂಲ್ ಡೇ ನಾಟಕದಲ್ಲಿ ಥಾರ್ ಅವನೇ.

ಪಾತ್ರ ಸಿಕ್ಕಿದಾಗಿನಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಚಾಮರಾಜಪೇಟೆಯ ತನ್ನ ರಸ್ತೆಯಲ್ಲಿ ಹಾಲಿನವರಿಂದ ಹಿಡಿದು ಇಸ್ತ್ರಿ ಅಂಗಡಿಯವರವರೆಗೆ ಎಲ್ಲರಿಗೂ “ನಾನೇ ಥಾರ್” ಎಂದು ಡಂಗುರ ಸಾರಿದ್ದ. ಸಿನಿಮಾದಲ್ಲಿ ಕಂಡ ಥಾರ್ ಅವನ ಕಣ್ಣಲ್ಲಿ ಕುಣಿಯುತ್ತಿದ್ದ. ಬೆನ್ನಿಗೆ ಕೇಪ್, ಕೈಯಲ್ಲಿ ಸುತ್ತಿಗೆ, ತಲೆಯ ಮೇಲೆ ಮಿಂಚು. ಅವೆನ್ಯೂ ರಸ್ತೆಯಿಂದ ಬೆಳ್ಳಿ ಪೇಪರ್ ತರಿಸಿ, ಶೂ ಡಬ್ಬಿಗೆ ಸುತ್ತಿ, ಸುತ್ತಿಗೆಯನ್ನೂ ಮಾಡಿಟ್ಟಿದ್ದ. ನಾಟಕದ ಕತೆ ಏನು ಎಂದು ಕೇಳುವುದನ್ನು ಮಾತ್ರ ಮರೆತಿದ್ದ.

ಈಗ ಯಮುನಾ ಮಿಸ್ ಕತೆ ಹೇಳಿ ಮುಗಿಸಿದ್ದರು. ಥಾರ್ ಗುಡುಗಿನ ದೇವರು. ದೈತ್ಯರ ರಾಜ ಅವನ ಸುತ್ತಿಗೆ ಕದ್ದು ಬಚ್ಚಿಡುತ್ತಾನೆ. ಫ್ರೇಯಾ ದೇವತೆಯನ್ನು ತನಗೆ ಮದುವೆ ಮಾಡಿಕೊಟ್ಟರೆ ಮಾತ್ರ ವಾಪಸ್ ಕೊಡುವೆ ಎನ್ನುತ್ತಾನೆ. ಫ್ರೇಯಾ ಸುತಾರಾಂ ಒಪ್ಪುವುದಿಲ್ಲ. ಕೊನೆಗೆ ಥಾರ್ ತಾನೇ ಮದುಮಗಳ ವೇಷ ಹಾಕಿ, ಮುಸುಕು ಹೊದ್ದು ಹೊರಡುತ್ತಾನೆ. ಜೊತೆಗೆ ಗೆಳತಿಯ ವೇಷದಲ್ಲಿ ಲೋಕಿ ಎಂಬ ಕಿಲಾಡಿ.

“ಸಿನಿಮಾದಲ್ಲಿ ಹಿಂಗಿಲ್ಲ ಮಿಸ್,” ಎಂದ ಲೋಹಿತ್.

“ಸಿನಿಮಾ ನಿನ್ನೆ ಮೊನ್ನೆದು ಕಣೋ. ಇದು ಯೂರೋಪಿನ ಆ ಕಡೆ ತುದಿ, ಚಳಿ ದೇಶಗಳ ಜನ ನೂರಾರು ವರ್ಷದ ಹಿಂದೆ ಹೇಳ್ತಿದ್ದ ಕತೆ. ನೀವು ನೋಡೋ ಸಿನಿಮಾ, ಗೇಮು, ಕಾಮಿಕ್ಸಿಗೆಲ್ಲ ಥಾರ್ ಬಂದಿದ್ದು ಅಲ್ಲಿಂದಾನೇ. ಥರ್ಸ್‌ಡೇ ಅಂತೀವಲ್ಲ, ಅದೂ ಅವನ ಹೆಸರೇ. ಸಿನಿಮಾದವರು ಸುತ್ತಿಗೆ ತಗೊಂಡು ಮದುಮಗಳ ಬಟ್ಟೆ ಬಿಟ್ರು. ನಾವು ಬಿಡೋದು ಬೇಡ. ಅಲ್ಲಿ ಗೌನು, ನಮ್ಮಲ್ಲಿ ಸೀರೆ, ಅಷ್ಟೇ.”

ಬೆಲ್ ಹೊಡೆಯಿತು. ದೈತ್ಯರಾಜನ ಪಾತ್ರದ ಕೇದಾರ್ ಪಕ್ಕಕ್ಕೆ ಬಂದು, “ಥಾರಮ್ಮ, ಬಳೆ ಯಾವ ಕಲರ್?” ಎಂದ. ಲೋಹಿತ್ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಮನೆಗೆ ನಡೆದ.

ಮನೆಯಲ್ಲಿ ಅಜ್ಜಿ ಅಕ್ಕಯಮ್ಮ ಅವರೆಕಾಯಿ ಬಿಡಿಸುತ್ತಿದ್ದರು.

“ಅಜ್ಜಿ, ಸ್ಕೂಲ್ ಡೇ ದಿನ ನಂಗೆ ಜ್ವರ ಬರುತ್ತೆ.”

“ಏನ್ಲಾ ಇದು, ಜ್ವರ ಮುಂಚೇನೇ ಹೇಳಿ ಕಳಿಸ್ತದಾ? ಏನಾಯ್ತು ಹೇಳು.”

ಲೋಹಿತ್ ಎಲ್ಲ ಹೇಳಿದ. ಹೇಳುವಾಗ ಕಣ್ಣಲ್ಲಿ ನೀರೂ ಬಂತು.

“ಅಯ್ಯೋ, ಇಷ್ಟೇನಾ? ನಮ್ಮ ಭೀಮಸೇನ ಕೀಚಕನ್ನ ಕೊಲ್ಲೋಕೆ ಹೆಣ್ಣಿನ ವೇಷ ಹಾಕ್ಲಿಲ್ವಾ?”

“ಅದು ಕತ್ತಲೇಲಿ ಅಜ್ಜಿ. ಯಾರೂ ನೋಡ್ಲಿಲ್ಲ. ನಂದು ಇಡೀ ಸ್ಕೂಲ್ ಮುಂದೆ.”

ಅಜ್ಜಿ ಒಂದು ಹಿಡಿ ಕಾಳು ಬಿಡಿಸಿದ ಮೇಲೆ ಕೇಳಿದರು, “ಸರಿ, ಸುತ್ತಿಗೆ ಹೆಂಗೆ ಸಿಗ್ತದೆ?”

“ಮದುವೆ ಟೈಮಲ್ಲಿ ಆಶೀರ್ವಾದಕ್ಕೆ ಅಂತ ಸುತ್ತಿಗೆ ತಂದು ಮದುಮಗಳ ಮಡಿಲಲ್ಲಿ ಇಡ್ತಾರೆ.”

“ಓ, ಮಡ್ಲು ತುಂಬ್ತಾರೆ ಅನ್ನು. ನಾವು ಅಕ್ಕಿ, ಕೊಬ್ಬರಿ ತುಂಬ್ತೀವಿ, ಅವರು ಸುತ್ತಿಗೆ. ಪರವಾಗಿಲ್ಲ, ಶಾಸ್ತ್ರ ಗೊತ್ತಿರೋ ಜನ.” ಅಜ್ಜಿಗೆ ಕತೆ ಹಿಡಿಸಿಬಿಟ್ಟಿತು. “ಅಲ್ಲಾ, ಅಂಥ ಗಂಡಸು, ಅವನಿಗೆ ನಾಚ್ಕೆ ಆಗ್ಲಿಲ್ವಂತಾ?”

“ಆಯ್ತಂತೆ. ನಾನ್ ಹಾಕಲ್ಲ, ಎಲ್ರೂ ನನ್ನ ನೋಡಿ ನಗ್ತಾರೆ ಅಂತ...”

ಲೋಹಿತ್ ಅಲ್ಲಿಗೇ ನಿಲ್ಲಿಸಿದ. ಅಜ್ಜಿ ತಲೆ ಎತ್ತಲಿಲ್ಲ.

“ಆಮೇಲೆ ಹಾಕ್ಕಂಡ್ನಾ?”

“ಹ್ಞೂಂ. ಇಲ್ದಿದ್ರೆ ಸುತ್ತಿಗೆ ಸಿಗಲ್ವಲ್ಲ.”

ಅಜ್ಜಿ ಮೊರ ಪಕ್ಕಕ್ಕಿಟ್ಟು, ಬೀರುವಿನಿಂದ ಹಳೆಯ ರೇಷ್ಮೆ ಸೀರೆ ತೆಗೆದರು. ಉಡಿಸಿ, ಕುರ್ಚಿಯ ಮೇಲೆ ಕೂರಿಸಿ, ಸುತ್ತಿಗೆ ತಂದು ಮಡಿಲಿಗೆ ಹಾಕಿದರು. ಮಂಡಿ ಅಗಲಿಸಿ ಕುಳಿತಿದ್ದ ಮದುಮಗಳ ಮಡಿಲಿಂದ ಅದು ಜಾರಿ ಧೊಪ್ಪೆಂದು ನೆಲಕ್ಕೆ ಬಿತ್ತು.

“ಹಂಗಲ್ಲ ಮಗಾ. ಸೆರಗು ಒಡ್ಡಬೇಕು. ಎರಡೂ ಕೈಲಿ ಹಿಡ್ಕೊ. ಕೊಡೋರ ಮುಖ ನೋಡ್ಬೇಡ, ಸೆರಗು ನೋಡು.”

ಆ ವಾರವೆಲ್ಲ ಅಜ್ಜಿ ಮೊಮ್ಮಗನಿಗೆ ಅದೇ ಪಾಠ. ಲೋಹಿತ್‌ಗೆ ಸೆರಗು ಒಡ್ಡುವುದು ಬಂತು. ಭಯ ಮಾತ್ರ ಹೋಗಲಿಲ್ಲ.

ಸ್ಕೂಲ್ ಡೇ ಬಂತು. ಮುಸುಕು ಹೊದ್ದ ಥಾರ್ ಸ್ಟೇಜಿಗೆ ಕಾಲಿಟ್ಟ ಕೂಡಲೇ ನಗು ಎದ್ದಿತು. ಹಿಂದಿನಿಂದ ಯಾರೋ “ಥಾರಮ್ಮ” ಎಂದು ಕೂಗಿದರು. ಲೋಹಿತ್‌ನ ಕಿವಿ ಸುಟ್ಟಂತಾಯಿತು. ಸೀರೆ ಎತ್ತಿಕೊಂಡು ಓಡಿಬಿಡಬೇಕು ಎನಿಸಿತು. ಮುಂದಿನ ಸಾಲಿನಲ್ಲಿ ಅಜ್ಜಿ ಕಂಡರು. ಅವರೂ ನಗುತ್ತಿದ್ದರು.

ಮದುವೆ ಊಟದಲ್ಲಿ ಮದುಮಗಳು ತಟ್ಟೆ ತುಂಬ ಇದ್ದ ಲಾಡುಗಳನ್ನೆಲ್ಲ ಖಾಲಿ ಮಾಡಿದಳು.

“ಇಷ್ಟೊಂದು ತಿನ್ನೋ ಹುಡುಗೀನ ನಾನು ನೋಡೇ ಇಲ್ಲ,” ಎಂದ ದೈತ್ಯರಾಜ ಕೇದಾರ್.

“ಪಾಪ, ನಿಮ್ಮದೇ ಧ್ಯಾನದಲ್ಲಿ ಒಂದು ವಾರದಿಂದ ಊಟಾನೇ ಬಿಟ್ಟಿದ್ದಾಳೆ ಮಹಾರಾಜ,” ಎಂದಳು ಲೋಕಿಯಾಗಿದ್ದ ಯಶಶ್ರೀ.

ಸಭೆ ಬಿದ್ದು ಬಿದ್ದು ನಕ್ಕಿತು. ಲೋಹಿತ್ ಮುಸುಕಿನೊಳಗಿಂದ ನೋಡಿದ. ಜನ ನೋಡುತ್ತಿದ್ದುದು ಅವನನ್ನಲ್ಲ, ಏನೂ ತಿಳಿಯದೆ ಮೀಸೆ ತಿರುವುತ್ತಿದ್ದ ದೈತ್ಯನನ್ನು. ಲೋಹಿತ್‌ಗೂ ನಗು ಒತ್ತರಿಸಿ ಬಂತು.

ದೈತ್ಯ ಸುತ್ತಿಗೆ ತರಿಸಿದ. ಲೋಹಿತ್ ತಲೆ ತಗ್ಗಿಸಿ ಎರಡೂ ಕೈಯಲ್ಲಿ ಸೆರಗು ಒಡ್ಡಿದ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯಂದಿರು ನಗು ನಿಲ್ಲಿಸಿದರು. “ನೋಡ್ರೀ, ಎಷ್ಟು ಚೆನ್ನಾಗಿ ಒಡ್ತಾನೆ ಮಗು,” ಎಂದರು ಒಬ್ಬರು. ಸುತ್ತಿಗೆ ಸೆರಗಿಗೆ ಬಿತ್ತು.

ಲೋಹಿತ್ ಅದನ್ನು ಹಿಡಿದು ಎದ್ದು ನಿಂತ. ಮುಸುಕು ಕಿತ್ತೆಸೆದ. ಏಟು ತಿಂದು ಬೀಳಬೇಕಿದ್ದ ಕೇದಾರ್, ಬೀಳುವುದನ್ನು ಮರೆತು ಸ್ಟೇಜಿನ ತುಂಬ ಓಡತೊಡಗಿದ. ನೆರಿಗೆ ಎತ್ತಿ ಹಿಡಿದು ಥಾರ್ ಅವನ ಹಿಂದೆ ಓಡಿದ. ಚಪ್ಪಾಳೆ, ಸಿಳ್ಳೆ, ನಗು. ಇನ್ನೂ ಸ್ವಲ್ಪ ನಗಲಿ ಎಂದು ಲೋಹಿತ್ ಇನ್ನೊಂದು ಸುತ್ತು ಓಡಿದ.

“ಮಗಾ, ನಿಜವಾಗ್ಲೂ ಹೊಡೀತೀಯ ಅಂದ್ಕೊಂಡೆ,” ಎಂದ ಕೇದಾರ್ ಆಮೇಲೆ, ಏದುಸಿರು ಬಿಡುತ್ತ. ಲೋಹಿತ್‌ನ ಎದೆ ಹೂವಿನಷ್ಟು ಹಗುರವಾಗಿತ್ತು.

ಸಂಜೆ ಅಜ್ಜಿಯೊಡನೆ ಮನೆಗೆ ಹೊರಟ. ದಾರಿಯುದ್ದಕ್ಕೂ ಅವನದೇ ಮಾತು. ಸಿಗ್ನಲ್ ಹತ್ತಿರ ನಿಂತಾಗ ಆಟೋದವರೊಬ್ಬರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಆಗಲೇ ಅಜ್ಜಿ ಹಣೆ ಚಚ್ಚಿಕೊಂಡದ್ದು.

“ಅಯ್ಯೋ, ಸೀರೆ ಬಿಚ್ಚೋದೇ ಮರ್ತ್ವಲ್ಲೋ. ಚಡ್ಡಿ, ಷರಟು ಬ್ಯಾಗಲ್ಲೇ ಐತೆ. ವಾಪಸ್ ಹೋಗಿ ಬದಲಾಯಿಸ್ಕೊತೀಯಾ?”

ಲೋಹಿತ್ ಬಗ್ಗಿ ತನ್ನನ್ನು ನೋಡಿಕೊಂಡ. ಆಟೋದವರನ್ನು ನೋಡಿದ.

“ಬಿಡಜ್ಜಿ, ಮನೇಲಿ ಬಿಚ್ಚಿದ್ರಾಯ್ತು,” ಎಂದು ನೆರಿಗೆಯನ್ನು ಚೂರು ಮೇಲೆತ್ತಿ, ಅಜ್ಜಿಯ ಕೈ ಹಿಡಿದು ರಸ್ತೆ ದಾಟಿದ.