ಅರಿಶಿನ ತೆಗೆದ ಮೇಲೆ

ಚನ್ನವೀರಪ್ಪ ಕೆಂಪು ಅಂಗಿ ತೊಟ್ಟು ಕೋಣೆಗೆ ಕಾಲಿಟ್ಟದ್ದೇ ತಡ, ಛಾವಣಿಯ ದೀಪ ಮಂಕಾಗಿ, ‘ಬೂದು ಅಂಗಿ ಧರಿಸಿ’ ಎಂದು ಗೋಡೆಯ ಮೇಲೆ ಅಕ್ಷರ ಮೂಡಿಸಿತು.

“ಯಾವ ಅಂಗಿ ಹಾಕ್ಬೇಕು ಅಂತ ಇದನ್ನ ಕೇಳ್ಬೇಕೇನು!” ಗೊಣಗುತ್ತಲೇ ಅವನು ಅಂಗಿ ಬದಲಿಸಿದ.

2061ರ ದಾವಣಗೆರೆಗೆ ಬಂದ ಮೊದಲ ಸಮವರ್ಣ ದೀಪ ಅದು. ಫೋಟೊ ತಿದ್ದುವ ಕೋಣೆಯಲ್ಲಿ ಹಳದಿ ಬಲ್ಬಿದ್ದರೆ, ಯಾವ ಹಳದಿ ಚಿತ್ರದ್ದು, ಯಾವುದು ಬಲ್ಬಿನದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಈ ದೀಪವೋ ಗೋಡೆ, ಕಿಟಕಿ, ಬಟ್ಟೆಗಳಿಂದ ಬರುವ ಪ್ರತಿಫಲನವನ್ನೆಲ್ಲ ಅಳೆದು ಬೆಳಕನ್ನು ತಾನೇ ಸರಿಪಡಿಸಿಕೊಳ್ಳುತ್ತಿತ್ತು. ಗೋಡೆಗೆ ಬೂದು ಬಣ್ಣ ಬಳಿಸಿ, ಪರೀಕ್ಷೆಗೆಂದು ಅದನ್ನು ಕೂರಿಸಿದವಳು ವಿಜ್ಞಾನಿ ವಸುಧಾ. ಮೂವತ್ತು ವರ್ಷ ಹಳದಿ ಬಲ್ಬಿನಡಿಯೇ ಫೋಟೊ ತಿದ್ದಿ ಹೆಸರು ಮಾಡಿದ ಚನ್ನವೀರಪ್ಪನಿಗೆ ಅವಳ ಮೇಲಾಗಲಿ, ದೀಪದ ಮೇಲಾಗಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ.

ಅಂದು ಪರದೆಯ ಮೇಲಿದ್ದದ್ದು ಸ್ವಂತ ಮಗಳು ಶಾಂಭವಿಯ ಅರಿಶಿನ ಶಾಸ್ತ್ರದ ಫೋಟೊ. ಇನ್ನು ನಾಲ್ಕೇ ದಿನಕ್ಕೆ ಮದುವೆ. ಮುಖದ ಅರಿಶಿನವನ್ನು ಹದವಾಗಿ ತಿಳಿಗೊಳಿಸುವುದರಲ್ಲಿ ಅವನದು ಎತ್ತಿದ ಕೈ. ಕೆನ್ನೆಯೇನೋ ತಿಳಿಯಾಯಿತು, ಕಣ್ಣಿನ ಬಿಳಿಭಾಗ ಮಾತ್ರ ಹಳದಿಯಾಗಿಯೇ ಉಳಿಯಿತು.

“ನೋಡ್ರೀ ಮೇಡಂ! ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿಯಂತೆ. ನಿಮ್ಮ ದೀಪಕ್ಕೇ ಕಾಮಾಲೆ ಬಂದೈತಿ!”

ದೀಪದ ಪರೀಕ್ಷೆ ನೋಡಲು ಬಂದಿದ್ದ ವಸುಧಾ ನಗುತ್ತಲೇ ಪರದೆಗೆ ಬಗ್ಗಿ ನೋಡಿದಳು. ಅವಳ ನಗು ಮಾಯವಾಯಿತು.

“ಸರ್, ಪಕ್ಕದಲ್ಲಿ ಕೂತಿರೋ ಹೆಂಗಸರ ಕಣ್ಣು ಬೆಳ್ಳಗೇ ಇವೆಯಲ್ಲ? ಅರಿಶಿನಾನ ಕಣ್ಣೊಳಗೆ ಯಾರಾದ್ರೂ ಹಚ್ತಾರಾ?”

ಚನ್ನವೀರಪ್ಪ ಚಿತ್ರವನ್ನು ಹಿಗ್ಗಿಸಿ ಮಗಳ ಕಣ್ಣು ನೋಡಿದ. ಮೌಸ್ ಬಿಟ್ಟು ಮನೆಗೆ ಓಡಿದ.

ಕಾಮಾಲೆಯೇ. ಮೈಗೆಲ್ಲ ಅರಿಶಿನ ಮೆತ್ತಿದ್ದ ಮದುಮಗಳಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. “ಒಳ್ಳೆ ಹೊತ್ತಿಗೆ ಕರ್ಕೊಂಡು ಬಂದ್ರಿ, ಲಿವರ್ ಉಳೀತು” ಎಂದರು ಡಾಕ್ಟರು. ಮದುವೆ ಮೂರು ತಿಂಗಳು ಮುಂದೆ ಹೋಯಿತು.

ಫೋಟೊಗೆಂದು ಮಾಡಿದ ದೀಪ ರೋಗ ಹಿಡಿದುಕೊಟ್ಟಿತೆಂದು ವಸುಧಾ ಹಿಗ್ಗಿದಳು. ಚನ್ನವೀರಪ್ಪನಿಗೆ ದೀಪದ ಮೇಲಿದ್ದ ಅನುಮಾನವೂ ಹೋಯಿತು. ಆದರೆ ಅದು ಈಗ ಅವನ ಮೇಲೆಯೇ ತಿರುಗಿತ್ತು.

ಮರುದಿನ ತಾನಾಗಿಯೇ ಬೂದು ಅಂಗಿ ತೊಟ್ಟು ಬಂದು, ಹೆಂಡತಿ ಗೌರಮ್ಮನ ಹಳೆಯ ಫೋಟೊ ತೆರೆದ. ಆರು ವರ್ಷದ ಹಿಂದೆ, ಲಿವರ್ ಕೆಟ್ಟದ್ದು ತಿಳಿಯುವ ಹೊತ್ತಿಗೆ ಕಾಲ ಮೀರಿ, ಅವಳು ತೀರಿಕೊಂಡಿದ್ದಳು. ಅದಕ್ಕೂ ನಾಲ್ಕು ತಿಂಗಳು ಮೊದಲು ಅವನೇ ತೆಗೆದ ಫೋಟೊ ಅದು. ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದ ಪ್ರತಿಯಲ್ಲಿ ಅವಳ ಕಣ್ಣು ಹಾಲಿನಷ್ಟು ಬಿಳುಪು. ಈ ಮೂಲಪ್ರತಿಯಲ್ಲಿ ಹಳದಿ. ಹಾಳು ಬಲ್ಬಿನದೇ ದೋಷವೆಂದು ಬೈದುಕೊಂಡು, ಆ ಹಳದಿಯನ್ನು ಅಂದು ಅವನೇ ತೆಗೆದಿದ್ದ.

ಹಿಂದೆ ನಿಂತಿದ್ದ ವಸುಧಾಳಿಗೆ ಎಲ್ಲ ಅರ್ಥವಾಯಿತು. “ದೀಪ ಆರಿಸ್ಲಾ, ಸರ್?” ಮೆಲ್ಲಗೆ ಕೇಳಿದಳು.

“ಬ್ಯಾಡವ್ವ,” ಎಂದ ಚನ್ನವೀರಪ್ಪ. “ಇರ್ಲಿ. ಈಗಾದ್ರೂ ಸರಿಯಾಗಿ ನೋಡ್ತೀನಿ.”