ನೀಲಿ ಮಣಿಯ ಮನೆಯವರು

"ಆಂಟಿ, ಮಣಿ ಕಳುವಾಗಿದೆ. ಪೊಲೀಸರಿಗೆ ಹೇಳೋ ಮುಂಚೆ ನೀವೊಂದ್ಸಲ ಬನ್ನಿ," ಎಂದಳು ಹರ್ಷಿಣಿ, ಬಾಗಿಲಲ್ಲೇ ನಿಂತು.

ಮೈಸೂರಿನ ಅಪರಾಧ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾಗಿ, ಅಮೆರಿಕದ ಇರ್ವಿಂಗ್‌ನಲ್ಲಿ ನೆಲೆಸಿದ್ದ ಶಕುಂತಲಾ ಆಂಟಿ ಆಗಲೇ ಚಪ್ಪಲಿ ಮೆಟ್ಟಿದ್ದರು. ಎಂದಿನಂತೆ ಡ್ರೈವ್ ಮಾಡಿದ್ದು ಪಕ್ಕದ ಮನೆಯ ಅನಘಾ, ಅಂದರೆ ನಾನು.

ಹತ್ತಿರದ ಊರು ಪ್ರಾಸ್ಪರ್‌ನಲ್ಲಿ ಹೊಸ ಲೇಔಟ್ ಏಳಲಿದ್ದ ಜಾಗದಲ್ಲಿ ಪುರಾತತ್ವಜ್ಞೆ ಹರ್ಷಿಣಿಯ ತಂಡ ಉತ್ಖನನ ನಡೆಸುತ್ತಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಕುಟುಂಬವೊಂದು ಹಿಂದೆ ಅಲ್ಲಿ ಮನೆ ಕಟ್ಟಿಕೊಂಡಿತ್ತು. ಆ ಮಣ್ಣಿನಲ್ಲಿ ಸಿಕ್ಕ ನೀಲಿ ಗಾಜಿನ ಮಣಿ, ಉಳಿದವರೆಲ್ಲ ಊಟಕ್ಕೆ ಹೋದಾಗ ತಂಡದ ಕಚೇರಿಯಾಗಿದ್ದ ಟ್ರೇಲರ್‌ನಿಂದ ಮಾಯವಾಗಿತ್ತು. ಆಗ ಹತ್ತಿರವಿದ್ದವರು ಮೂವರು: ಅಗೆತ ಬೇಗ ಮುಗಿಯಲೆಂದು ಚಡಪಡಿಸುತ್ತಿದ್ದ ಬಿಲ್ಡರ್ ವಿನಾಯಕ್, ಹಳೆಯ ಮಣಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದ ತಂಡದ ಪ್ರತಾಪ್, ದಿನವೂ ಬೇಲಿಯಾಚೆ ನಿಂತು ನೋಡುತ್ತಿದ್ದ ನಿವೃತ್ತ ಟೀಚರ್ ಲೊರೇನ್.

ಆಂಟಿ ಮಣಿ ಇಟ್ಟಿದ್ದ ಟ್ರೇ ನೋಡಿದರು. ಅದೇ ಮಣ್ಣಿನಲ್ಲಿ ಸಿಕ್ಕ ಬೆಳ್ಳಿ ನಾಣ್ಯ ಹಾಗೇ ಇತ್ತು. ಮಣಿ ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದ ಚೀಟಿಯೂ ಇತ್ತು.

"ಮೂವರನ್ನೂ ಕರಿ," ಎಂದರು.

"ನನ್ನ ಮ್ಯಾಲ ಅನುಮಾನ ಏನ್ರಿ ಆಂಟಿ?" ಎನ್ನುತ್ತಲೇ ವಿನಾಯಕ್ ಒಳಬಂದ.

ಲೊರೇನ್‌ಗೂ ತಿಳಿಯಲೆಂದು ಆಂಟಿ ಇಂಗ್ಲಿಷಿನಲ್ಲೇ ವಿವರಿಸಿದರು. "ದುಡ್ಡಿನ ಆಸೆಯವರು ನಾಣ್ಯ ಬಿಡುತ್ತಿರಲಿಲ್ಲ. ಅಗೆತ ಕೆಡಿಸಬೇಕಿದ್ದರೆ ವಿನಾಯಕ್ ಇಡೀ ಟ್ರೇ ಖಾಲಿ ಮಾಡುತ್ತಿದ್ದ. ಚೀಟಿ ಇಲ್ಲದ ಮಣಿ ಪ್ರತಾಪ್‌ಗೆ ಬರೀ ಗಾಜು. ಹಾಗಾದರೆ ಎಲ್ಲಿ ಸಿಕ್ಕಿತೆಂಬ ಚೀಟಿ ಯಾರಿಗೆ ಬೇಡ? ಅದು ಯಾರ ಮನೆಯ ಮಣಿಯೆಂದು ಮೊದಲೇ ಬಲ್ಲವರಿಗೆ."

ಲೊರೇನ್ ಮೆಲ್ಲನೆ ಕೈಚೀಲ ತೆರೆದರು. ಮಾಸಿದ ದಾರದಲ್ಲಿ ಅಂಥವೇ ನೀಲಿ ಮಣಿಗಳು. ಪಕ್ಕದಲ್ಲಿ ಕಳುವಾದ ಮಣಿ.

"ಈ ಮನೆಯಲ್ಲಿದ್ದ ನನ್ನ ಮುತ್ತಜ್ಜಿ ಕಾಲಿಗೆ ಕಟ್ಟುತ್ತಿದ್ದದ್ದು. ಒಂದು ಬಿದ್ದುಹೋಗಿತ್ತು, ಸಾಯುವವರೆಗೂ ಹುಡುಕಿದಳಂತೆ. ಒಮ್ಮೆ ಜೊತೆಗಿಟ್ಟು ನೋಡುವ ಆಸೆಯಾಯಿತು. ವಾಪಸು ತರುತ್ತಿದ್ದೆ."

"ನಮ್ಮನ್ನು ಕೇಳಬಹುದಿತ್ತಲ್ಲ?" ಎಂದಳು ಹರ್ಷಿಣಿ.

"ನೀವು ನನ್ನನ್ನು ಕೇಳಿದಿರಾ?"

ಪ್ರತಾಪ್ ತನ್ನ ಟಿಪ್ಪಣಿ ತೆರೆದು, "ಕಾಲಿಗಾ? ನಾನು ಕೊರಳ ಸರ ಅಂತ ಬರೆದುಬಿಟ್ಟಿದ್ದೆ," ಎಂದ.

ಮರುದಿನ ಹರ್ಷಿಣಿ ತಾನೇ ಗೇಟು ತೆರೆದು ಲೊರೇನ್‌ರನ್ನು ಒಳಗೆ ಕರೆದಳು. ಹ್ಯೂಸ್ಟನ್, ಆಸ್ಟಿನ್‌ನಲ್ಲಿದ್ದ ಅವರ ಬಂಧುಗಳೂ ಬಂದು, ಬಾವಿ ಎಲ್ಲಿತ್ತು, ಒಲೆ ಎಲ್ಲಿತ್ತು ಎಂದು ಹಿರಿಯರಿಂದ ಕೇಳಿದ್ದನ್ನು ಹೇಳಿದರು. ತಂಡಕ್ಕೆ ಹೊಳೆಯದ ಕಡೆಗಳಲ್ಲೆಲ್ಲ ಗುರುತು ಸಿಕ್ಕಿತು. ವಿನಾಯಕ್ ಗೊಣಗುತ್ತಲೇ ನಕ್ಷೆಯಲ್ಲಿ ಲೇಔಟ್‌ನ ರಸ್ತೆಯನ್ನು ಆಚೆ ಸರಿಸಿದ. ಆ ತುಂಡು ನೆಲ ಊರ ಮಕ್ಕಳು ಬಂದು ನೋಡುವ ಪಾರ್ಕ್ ಆಗುವುದೆಂದಾಯಿತು.

ಲೊರೇನ್ ತೋರಿಸಿದ ಜಾಗದಲ್ಲಿ ಒಂದು ಸಂಜೆ ಸವೆದ ಹೊಸಿಲುಗಲ್ಲು ಮೇಲೆದ್ದಿತು. ಅವರು ಶೂ ಕಳಚಿ ಅದರ ಮೇಲೆ ಕುಳಿತು, ಬಿಸಿಲಿಗೆ ಕಾಲು ಚಾಚಿದರು. ಕತ್ತಲಾಗುತ್ತ ಬಂದರೂ ಏಳಿ ಎನ್ನಲು ನಮಗ್ಯಾರಿಗೂ ಮನಸ್ಸಾಗಲಿಲ್ಲ.