ಬೆನ್ನಿನ ಗಾಯ

"ನನ್ನ ಹೆಸರು ಉಡಚಪ್ಪ" ಎಂದು ಅವನು ಹೇಳಿ ಮುಗಿಸುವ ಮೊದಲೇ ವೀರವ್ವನ ಕೈಯಿಂದ ಕಲ್ಲು ಹೊರಟಿತ್ತು!

ನೇರ ಹಣೆಗೇ ಬಡಿಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ಬಂಗಲೆಯ ಕಂಬ ಹಿಡಿದುಕೊಂಡ. ಹುಬ್ಬಿನಿಂದ ಇಳಿದ ರಕ್ತ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕತೊಡಗಿತು. ಆದರೂ ಅವನು ಕೂಗಲಿಲ್ಲ, ಬೈಯಲಿಲ್ಲ. ಅಂಗೈಯಿಂದ ಕಣ್ಣೊರೆಸಿಕೊಂಡು ಅವಳನ್ನೇ ನೋಡಿದ.

"ಶಂಕ್ರಪ್ಪ ಹೇಳಿದ್ದ... ತಂಗೀದು ಗುರಿ ತಪ್ಪೂದಿಲ್ಲಂತ."

"ನನ್ನ ಅಣ್ಣನ ಹೆಸರು ಆ ಬಾಯಾಗ ತರಬ್ಯಾಡ!" ವೀರವ್ವ ಇನ್ನೊಂದು ಕಲ್ಲಿಗೆ ಬಗ್ಗಿದಳು. "ಅಂವನ್ನ ಗುಡ್ಡದ ಮ್ಯಾಲ ಸಾಯಾಕ ಬಿಟ್ಟು ಮೊದಲ ಇಳದ ಬಂದಾಂವ ನೀ! ಉಂಡ ಮನಿ ಗಳಾ ಎಣಿಸಿದಾಂವ!"

ಎರಡನೆಯ ಕಲ್ಲು ಏಳುವಷ್ಟರಲ್ಲಿ ಖಾನಸಾಮ ಮಕ್ತುಮಸಾಬ ಅಡುಗೆಮನೆಯಿಂದ ಓಡಿಬಂದು ಅವಳ ಮಣಿಕಟ್ಟು ಹಿಡಿದ. "ಅರೆ ಬೇಟಿ! ದೊರಿ ಒಳಗ ಅದಾನ. ನೌಕರಿ ಹೋದೀತು!"

ಹೋಗಲಿ ಬಿಡು ಎಂದಿತು ಅವಳ ಮನಸ್ಸು. ಅಣ್ಣನೇ ಹೋದ ಮೇಲೆ ನೌಕರಿ ಯಾವ ಲೆಕ್ಕ?

ಹಾನಗಲ್ಲಿನ ಪಡುವಣ ಕಾಡಿನ ಗುಡ್ಡದ ಅರ್ಧ ಎತ್ತರದಲ್ಲಿದ್ದ ಆ ಬಂಗಲೆಗೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಬಿಳಿ ದೊರೆಗಳು ಹವಾ ಬದಲಾವಣೆಗೆ ಬರುತ್ತಿದ್ದರು. ಬೆಳಿಗ್ಗೆ ಗುಡ್ಡ ಹತ್ತುವುದು, ತುದಿಯ ಬಂಡೆಯ ಮೇಲೆ ರೊಟ್ಟಿ ಬೆಣ್ಣೆ ತಿನ್ನುವುದು, ಹೊತ್ತು ಇಳಿಯುವುದರೊಳಗೆ ಕೆಳಗಿಳಿಯುವುದು. ಬಿಸಿಲಿಗೆ ಬೆವರು ಸುರಿಸಿ ನಡೆಯುವುದನ್ನು ಮೋಜು ಎನ್ನುವವರನ್ನು ಕಂಡು ಗುಡ್ಡದ ಬುಡದ ಊರಿನವರು ನಗುತ್ತಿದ್ದರು. ಆದರೂ ದಾರಿ ತೋರಿಸಲು ಜನ ಬೇಕಲ್ಲ? ಆ ಕೆಲಸಕ್ಕೆ ಶಂಕ್ರಪ್ಪ ಹೋಗುತ್ತಿದ್ದ. ಅವನ ಕೈಕೆಳಗೆ ಹಿರೇಕೆರೂರಿನ ಕಡೆಯಿಂದ ಬಂದ ಉಡಚಪ್ಪ. ಬಂಗಲೆಯಲ್ಲೇ ಉಳಿಯುತ್ತಿದ್ದ ಅವನ ಹೆಸರನ್ನಷ್ಟೇ ವೀರವ್ವ ಕೇಳಿದ್ದಳು, ಮುಖ ಕಂಡಿರಲಿಲ್ಲ.

ದಾರಿ ತೋರಿಸುವವರಿಗೆ ಒಂದು ಕಟ್ಟಳೆ ಇತ್ತು. ಏರುವಾಗ ಹಿರಿಯನು ಎಲ್ಲರಿಗಿಂತ ಮುಂದೆ, ಇಳಿಯುವಾಗ ಎಲ್ಲರಿಗಿಂತ ಹಿಂದೆ. ಕಿರಿಯನು ಜನರ ನಡುವೆ. ಕರೆದುಕೊಂಡು ಹೋದವರನ್ನು ಮೇಲೆ ಬಿಟ್ಟು ಇಳಿದವನಿಗೆ ಊರಿನಲ್ಲಿ ಬೆಂಕಿ ನೀರು ಸಿಗುತ್ತಿರಲಿಲ್ಲ.

ಕಳೆದ ವರ್ಷ, ೧೯೩೮ರ ಹೋಳಿ ಹುಣ್ಣಿಮೆ ಮುಗಿದ ವಾರ, ಒಬ್ಬ ದೊರೆ ಕರಡಿಮರಿಗೆ ಗುಂಡು ಹಾರಿಸಿದ. ತಾಯಿ ಕರಡಿ ಎಗರಿತು. ದೊರೆಯ ತೊಡೆ ಹರಿಯಿತು, ಶಂಕ್ರಪ್ಪನ ಹೊಟ್ಟೆ ಹರಿಯಿತು. ಉಡಚಪ್ಪ ದೊರೆಯನ್ನು ಬೆನ್ನ ಮೇಲೆ ಹೊತ್ತು ಇಳಿದ. ಮಾರನೆಯ ದಿನ ದೊರೆಯ ಆಳುಗಳು ಅಣ್ಣನ ಹೆಣವನ್ನು ಕಂಬಳಿಯಲ್ಲಿ ತಂದು ಇಳಿಸಿ ಹೋದರು. ಉಡಚಪ್ಪ ಅಷ್ಟರಲ್ಲಿ ದೊರೆಯ ಮೋಟಾರಿನಲ್ಲಿ ಹುಬ್ಬಳ್ಳಿಗೆ ಹೋಗಿದ್ದನಂತೆ!

ಬಿಳಿಯ ಜೀವ ಭಾರ, ಕರಿಯ ಜೀವ ಹಗುರ ಎಂದು ಊರು ಮಾತಾಡಿಕೊಂಡಿತು. ಊರ ಬಾಯಿಗೆ ಮುಚ್ಚಳವಿಲ್ಲ. ವೀರವ್ವ ಆ ಮಾತುಗಳನ್ನೇ ಉಂಡು, ಅವುಗಳನ್ನೇ ಹೊದ್ದು ಒಂದು ವರ್ಷ ಕಳೆದಳು. ಅಪ್ಪ ಫಕ್ಕೀರಪ್ಪ ಬೇಡವೆಂದರೂ ಅಣ್ಣನ ಕೆಲಸಕ್ಕೆ ನಿಂತಳು. ಯಾಕೆಂದರೆ ಒಂದಲ್ಲ ಒಂದು ದಿನ ಅವನು ಇಲ್ಲಿಗೆ ಬಂದೇ ಬರುತ್ತಾನೆಂದು ಅವಳಿಗೆ ಗೊತ್ತಿತ್ತು.

ಬಂದ. ಇನ್ನು ಇವನು ಜೀವಸಹಿತ ಇಳಿಯಬಾರದು!

* * *

ಮಾರನೆಯ ಬೆಳಿಗ್ಗೆ, ಉಡಚಪ್ಪನನ್ನು ದಾರಿ ತೋರಿಸಲು ಕರೆತಂದಿದ್ದ ಹೊಸ ದೊರೆ, ದೊರೆಸಾನಿ ತುದಿಯ ಬಂಡೆಗೆ ಹೊರಟರು. ಹಣೆಗೆ ಪಟ್ಟಿ ಕಟ್ಟಿಕೊಂಡ ಉಡಚಪ್ಪ ಮುಂದೆ. ಬುಟ್ಟಿ ಹೊತ್ತು, ಸೊಂಟಕ್ಕೆ ಕುಡಗೋಲು ಸಿಕ್ಕಿಸಿಕೊಂಡ ವೀರವ್ವ ಹಿಂದೆ.

ಅವಳ ಕಣ್ಣು ಅವನ ಬೆನ್ನಿನ ಮೇಲೇ ಇತ್ತು. ಎಲ್ಲಿ ಇರಿದರೆ ಬೇಗ ಬೀಳುತ್ತಾನೆ? ಕುತ್ತಿಗೆಗೋ... ಪಕ್ಕೆಗೋ...

ಆದರೆ ನೋಡುತ್ತ ನೋಡುತ್ತ ಬೇರೆಯದೂ ಕಣ್ಣಿಗೆ ಬಿತ್ತು. ದೊರೆಸಾನಿ ಜಾರಿದಾಗ ಅವನು ಕೈ ಕೊಟ್ಟ. ದೊರೆ ಜೇನುಗೂಡಿನ ಕೆಳಗೆ ಚಿಲುಮೆ ಹಚ್ಚಲು ಹೋದಾಗ ಅಡ್ಡ ನಿಂತ. ಕಡಿದಾದ ಜಾಗ ಬಂದಾಗಲೆಲ್ಲ ಹಿಂದಿರುಗಿ ನೋಡಿದ. ನೋಡಿದ್ದು ದೊರೆಯನ್ನಲ್ಲ, ಅವಳನ್ನು!

"ಬುಟ್ಟಿ ನನ್ನ ಕೈಯಾಗ ಕೊಡ್ರಿ."

"ನನ್ನ ಭಾರ ನನಗಿರ್ಲಿ."

'ಹೇಡಿ ಹೀಗೆ ನಡೆಯುವುದಿಲ್ಲವಲ್ಲ...' ಎಂದಿತು ಒಳಗಿನ ಒಂದು ದನಿ. ಛೀ! ಅಣ್ಣನ ರಕ್ತ ಒಣಗಿ ವರ್ಷವಾಯಿತಷ್ಟೇ, ಇದೇನು ಹುಚ್ಚು? ವೀರವ್ವ ತನ್ನ ತುಟಿಯನ್ನು ತಾನೇ ಕಚ್ಚಿಕೊಂಡಳು.

ಮಧ್ಯಾಹ್ನ ಇಳಿಯುವಾಗ ಒರತೆಯ ಹತ್ತಿರ ಮಕ್ತುಮಸಾಬ ಚಹಾ ಕಾಸಿಕೊಂಡು ಕಾಯುತ್ತಿದ್ದ. ಅಲ್ಲಿಂದ ಬಂಗಲೆ ಕೂಗಳತೆ. ದೊರೆ, ದೊರೆಸಾನಿ ಬೂಟು ಬಿಚ್ಚಿ ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತರು. ವೀರವ್ವ ಉಡಚಪ್ಪನ ಎದುರು ಬಂದು ನಿಂತಳು.

"ನಮ್ಮಣ್ಣ ಸತ್ತ ಜಾಗ ತೋರ್ಸು."

ಅವನ ದೃಷ್ಟಿ ಅವಳ ಸೊಂಟದ ಕುಡಗೋಲಿಗೆ ಹೋಯಿತು. ಅಲ್ಲಿಂದ ಅವಳ ಮುಖಕ್ಕೆ ಬಂತು.

"ನಡೀರಿ," ಎಂದ.

ದಾರಿ ಬಿಟ್ಟು ಬಲಕ್ಕೆ ಹೊರಳಿದರು. ಕಾರೆಮುಳ್ಳಿನ ಪೊದೆ ದಾಟಿದರೆ ಎರಡು ಬಂಡೆಗಳ ನಡುವೆ ಇಕ್ಕಟ್ಟಾದ ಕೊಳ್ಳ. ಕರಡಿಯ ಸದ್ದಿಲ್ಲವೆಂದು ಕಿವಿಗೊಟ್ಟು ಕೇಳಿಯೇ ಉಡಚಪ್ಪ ಒಳಗೆ ಕಾಲಿಟ್ಟ. ಮುಳ್ಳಿಗೆ ಸಿಕ್ಕಿ ಉಡಚಪ್ಪನ ಅಂಗಿ ಹೆಗಲಿನಿಂದ ಸೊಂಟದವರೆಗೆ ಹರಿಯಿತು.

ವೀರವ್ವ ನಿಂತುಬಿಟ್ಟಳು. ಅವನ ಬೆನ್ನಿನ ತುಂಬ ಗಾಯದ ಗುರುತುಗಳು! ಮಾಂಸ ಕಿತ್ತು ಬಂದು ಮತ್ತೆ ಗಂಟುಗಂಟಾಗಿ ಕೂಡಿದ ಉದ್ದನೆಯ ಬರೆಗಳು.

"ಬೆನ್ನಿಗೆ!" ಅವಳು ಕಿರುಚಿದಳು. "ನಮ್ಮ ಅಣ್ಣಗ ಹೊಟ್ಟಿಗೆ ಬಿದ್ದಿತ್ತು. ಎದುರಿಗೆ ನಿಂತಾಂವ ಅಂವ! ನಿನಗ ಬೆನ್ನಿಗೆ ಬಿದ್ದೈತಿ. ಓಡಿದಾಂವನ ಗುರುತು!"

ಉಡಚಪ್ಪ ತಿರುಗಲಿಲ್ಲ. "ಇಲ್ಲೇ," ಎಂದು ಒಂದು ಬಂಡೆಯ ಬುಡ ತೋರಿಸಿದ. "ಇಲ್ಲೇ ಮಲಗಿದ್ದ."

"ಮಾತಾಡು! ಓಡಿಲ್ಲ ಅನ್ನು! ಏನರ ಒಂದು ಸುಳ್ಳರ ಹೇಳು!"

ಅವನು ಬಗ್ಗಿ ಆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಅದನ್ನು ಕಂಡು ಅವಳ ತಲೆ ಕೆಟ್ಟಿತು. ಕುಡಗೋಲು ಹಿರಿದು ಬೀಸಿದಳು. ಅದು ಅವನ ಎಡಹೆಗಲಿಗೆ ಇಳಿಯಿತು. ರಕ್ತ ಚಿಮ್ಮಿ ಅವಳ ಮುಖಕ್ಕೇ ಸಿಡಿಯಿತು. ಅವನು ಮಂಡಿಯೂರಿ ಕುಸಿದ. ಎರಡನೆಯ ಏಟಿಗೆ ಕೈ ಎತ್ತಿದಳು... ಕೈ ಮೇಲೆಯೇ ನಿಂತಿತು. ಇಳಿಯಲೊಲ್ಲದು! ಒಂದು ವರ್ಷ ಇದೇ ಗಳಿಗೆಗೆ ಕಾದವಳು, ಈಗ ಅಳುತ್ತಿದ್ದಳು.

ಆಗ ಬಂಡೆಯ ಹಿಂದಿನಿಂದ ಗುರುಗುಟ್ಟುವ ಸದ್ದು ಕೇಳಿತು.

ಅವಳು ತಿರುಗಿ ನೋಡುವುದರೊಳಗೆ ಕರಿಯ ಮೈ ಎದ್ದು ನಿಂತಿತ್ತು. ಅದರ ಹಿಂದೆ ಎರಡು ಮರಿ. ಇವಳ ಕಿರುಚಾಟವೇ ತಾಯಿಯನ್ನು ಹೊರಗೆ ತಂದಿತ್ತು.

"ಮಾರಿ ನೆಲಕ್ಕ ಹಚ್ಚು, ವೀರವ್ವಾ!"

ಉಡಚಪ್ಪ ಅವಳನ್ನು ನೆಲಕ್ಕೆ ಕೆಡವಿ ಮೇಲೆ ಬಿದ್ದ. ಮರುಗಳಿಗೆಯೇ ಇಬ್ಬರ ಮೇಲೂ ಗುಡ್ಡ ಕುಸಿದಂತೆ ಭಾರ ಬಂತು. ಕೊಳೆತ ವಾಸನೆಯ ಉಸಿರು... ಚರ್ಮ ಹರಿಯುವ ಸದ್ದು... ಅವಳ ಕಿವಿಯ ಪಕ್ಕದಲ್ಲೇ ಅವನು ಹಲ್ಲು ಕಚ್ಚಿ ನರಳುತ್ತಿದ್ದ. ಅವನ ಬಿಸಿ ರಕ್ತ ಅವಳ ಕುತ್ತಿಗೆಯ ಮೇಲೆ ಹರಿಯಿತು. ಒಂದೊಂದು ಸಲ ಪರಚಿದಾಗಲೂ ಅವನ ಮೈ ಅದುರುತ್ತಿತ್ತು, ಆದರೆ ಅವಳ ಮೇಲಿಂದ ಒಂದು ಬೆರಳಿನಷ್ಟೂ ಸರಿಯಲಿಲ್ಲ.

ಆಗ ವೀರವ್ವನಿಗೆ ತಿಳಿಯಿತು. ಆ ಗಾಯಗಳು ಬೆನ್ನಿಗೆ ಹೇಗೆ ಬಿದ್ದವೆಂದು ತಿಳಿಯಿತು!

ಅಯ್ಯೋ ಶಿವನೇ... ನಾನೇನು ಮಾಡಿಬಿಟ್ಟೆ!

ಕರಡಿ ಅವನ ಬಲಗೈಯನ್ನು ಬಾಯಲ್ಲಿ ಹಿಡಿದು ಎಳೆಯಿತು. ವೀರವ್ವ ಅವನ ಮೈಯ ಅಡಿಯಿಂದ ಕೈ ಹೊರಹಾಕಿ ಕುಡಗೋಲನ್ನು ಕರಡಿಯ ಮೂತಿಗೆ ಬೀಸಿದಳು. ಮತ್ತೊಮ್ಮೆ ಬೀಸಿದಳು. ಮೂರನೆಯ ಏಟಿಗೆ ಮೂಗು ಸೀಳಿತು. ಕರಡಿ ಊಳಿಟ್ಟು ಹಿಂದೆ ಸರಿದು, ಮರಿಗಳನ್ನು ಮುಂದೆ ಹಾಕಿಕೊಂಡು ಕೊಳ್ಳದೊಳಗೆ ಓಡಿತು.

ಅವಳು ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಸೆರಗು ಹರಿದು ಹೆಗಲಿಗೆ ಬಿಗಿದಳು. ಆ ಗಾಯ ಕರಡಿಯದಲ್ಲ, ತನ್ನದು!

"ಅಣ್ಣನ ಮ್ಯಾಲೂ ಹಿಂಗ ಬಿದ್ದಿದ್ದ್ಯಾ? ಹೇಳು!"

"ದೊರೀನ್ನ... ಒರತಿ ತನಕ ಇಳಿಸಿದೆ," ಅವನು ತಡೆತಡೆದು ಹೇಳಿದ. "ದೊರಿ ಆಳುಗಳ ಕೈಗೆ ಕೊಟ್ಟು ತಿರುಗಿ ಓಡಿ ಬಂದೆ. ಶಂಕ್ರಪ್ಪ ಇನ್ನೂ ಜೀವ ಹಿಡಕೊಂಡಿದ್ದ. ಕರಡಿ ಮತ್ತ ಬಂತು... ಹೊತ್ತು ಮುಳುಗೂ ತನಕ ಇದ್ದ. ಆಮ್ಯಾಲ ನನಗೂ ಎಚ್ಚರ ಇರ್ಲಿಲ್ಲ. ರಾತ್ರಿ ಆ ಆಳುಗಳ ನನ್ನ ಎತ್ತಿ ದೊರಿ ಮೋಟಾರಿಗೆ ಹಾಕಿದ್ರಂತ."

"ಮೊದಲ ಅವನ್ನ ಯಾಕ ಹೊರಲಿಲ್ಲ?"

"ಹೊರಾಕ ಬಗ್ಗಿದೆ. ಒದ್ದಬಿಟ್ಟ. ಕಡೀಕ ಇಳಿಯಾಂವ ನಾನು, ಹಿರ್ಯಾ ನಾನು ಅಂದ."

ಹಿರಿಯ... ವೀರವ್ವ ಸುತ್ತ ನೋಡಿದಳು. ಈ ಕೊಳ್ಳ ತುದಿಯ ಬಂಡೆಗೆ ಹೋಗುವ ದಾರಿಯಲ್ಲ. ಹೋಳಿಯ ಹೊತ್ತಿಗೆ ಮರಿ ಹಾಕಿದ ಕರಡಿ ಇಲ್ಲಿರುತ್ತದೆಂದು ಊರಿನ ಮಗುವಿಗೂ ಗೊತ್ತು. ಯಾರಾದರೂ ಬೇಕೆಂದೇ ತೋರಿಸಲು ಕರೆತಂದರೆ ಮಾತ್ರ ದೊರೆ ಇಲ್ಲಿಗೆ ಬರಬೇಕು. ಏರುವಾಗ ಮುಂದೆ ನಡೆಯುವವನು ಹಿರಿಯನಲ್ಲವೇ?

"ಆವತ್ತ ಏರೂ ಮುಂದ... ಎಲ್ಲಾರಿಗಿಂತ ಮುಂದ ಇದ್ದಾಂವ ಯಾರು?"

ಉಡಚಪ್ಪ ಕಣ್ಣು ಮುಚ್ಚಿದ.

"ಕೇಳಾಕತ್ತೇನಿ! ದೊರೀನ್ನ ಈ ಕೊಳ್ಳಕ್ಕ ಕರಕೊಂಡ ಬಂದಾಂವ ಯಾರು?"

"ನನ್ನ ಕೇಳಬ್ಯಾಡ, ವೀರವ್ವಾ... ಮಾತು ಕೊಟ್ಟೇನಿ."

ಸತ್ತ ಎಮ್ಮೆಗೆ ಹಂಡೆ ಹಾಲು ಎನ್ನುತ್ತಾರೆ. ಒಂದು ವರ್ಷ ಅವಳು ಅಣ್ಣನನ್ನು ದೇವರ ಪಕ್ಕ ಕೂರಿಸಿದ್ದಳು. ದೊರೆಯ ಮುಂದೆ ದೊಡ್ಡವನಾಗಲು ಹೋಗಿ ಎಲ್ಲರನ್ನೂ ಕರಡಿಯ ಬಾಯಿಗೆ ತಂದವನು ಅಣ್ಣನೇ. ಸಾಯುವಾಗ ನಾಚಿಕೆಯಿಂದ ಮಾತು ತೆಗೆದುಕೊಂಡವನೂ ಅವನೇ. ಆ ಮಾತಿಗಾಗಿ ಈ ಮನುಷ್ಯ ಊರಿನ ಉಗುಳನ್ನೂ, ತನ್ನ ಕಲ್ಲನ್ನೂ, ತನ್ನ ಕುಡಗೋಲನ್ನೂ ತಿಂದಿದ್ದ!

ವೀರವ್ವ ಮೂರು ಬಾರಿ ಮಕ್ತುಮಸಾಬನನ್ನು ಕೂಗಿದಳು. ಗುಡ್ಡವೆಲ್ಲ ಪ್ರತಿಧ್ವನಿಸಿತು.

* * *

ಮಂಚಕ್ಕೆ ಹಾಕಿ ಅವನನ್ನು ಗುಡ್ಡದ ಬುಡಕ್ಕೆ ಇಳಿಸುವಾಗ ಊರೇ ನೆರೆದಿತ್ತು. ಹೆಸರು ಕಿವಿಗೆ ಬಿದ್ದದ್ದೇ ತಡ, ಫಕ್ಕೀರಪ್ಪ ಬಡಿಗೆ ಎತ್ತಿಕೊಂಡು ಗುಂಪನ್ನು ಸೀಳಿ ಬಂದ.

"ನನ್ನ ಮಗನ್ನ ತಿಂದಾಂವ ಇವನ! ಕರಡಿ ಉಳಿಸಿದ್ದು ನಾ ಮುಗಸ್ತೇನಿ!"

ಬಡಿಗೆ ಇಳಿಯಿತು. ವೀರವ್ವ ಎಡಗೈ ಅಡ್ಡ ಒಡ್ಡಿದಳು. ಲಟಕ್ ಎಂದಿತು ಎಲುಬು! ನೋವಿಗೆ ಕಣ್ಣು ಕತ್ತಲಿಟ್ಟರೂ ಅವಳು ಬೀಳಲಿಲ್ಲ.

"ಹೊಡಿ ಅಪ್ಪಾ, ಇನ್ನೊಂದು ಕೈನೂ ಐತಿ! ಆದ್ರ ಕೇಳಿ ಹೊಡಿ. ಅಣ್ಣನ್ನ ಇಂವ ಬಿಟ್ಟು ಬರ್ಲಿಲ್ಲ, ಬೆನ್ನ ಕೊಟ್ಟು ಕಾದ! ಕರಡಿ ಕೊಳ್ಳಕ್ಕ ದೊರೀನ್ನ ಕರಕೊಂಡ ಹೋದಾಂವ ನಮ್ಮ ಶಂಕ್ರಪ್ಪ! ತಪ್ಪು ನಮ್ಮ ಮನೀದು!"

"ಸುಳ್ಳು!"

"ಸುಳ್ಳಾದ್ರ ನೀನ ಹೇಳು. ಏರೂ ಮುಂದ ಮುಂದಿರಾಂವ ಯಾರು?"

ಮತ್ತೆ ಎತ್ತಿದ್ದ ಫಕ್ಕೀರಪ್ಪನ ಬಡಿಗೆ ಅರ್ಧದಲ್ಲೇ ನಿಂತಿತು. ತಾನೂ ಇಪ್ಪತ್ತು ವರ್ಷ ಆ ಗುಡ್ಡದಲ್ಲಿ ಮುಂದೆ ನಡೆದವನು. ಮಂಚದ ಮೇಲೆ ಬೋರಲು ಮಲಗಿದ್ದವನ ಬೆನ್ನನ್ನು ನೋಡಿದ. ಹಳೆಯ ಬರೆಗಳ ಮೇಲೆ ಹೊಸವು ಬಿದ್ದಿದ್ದವು. ಬಡಿಗೆಯನ್ನು ಕೆಳಗೆ ಬಿಟ್ಟು ಮುದುಕ ನೆಲದ ಮೇಲೆ ಕುಳಿತುಬಿಟ್ಟ.

* * *

ಹುಬ್ಬಳ್ಳಿಯ ದವಾಖಾನೆಯಲ್ಲಿ ಏಳನೆಯ ದಿನ ಉಡಚಪ್ಪನಿಗೆ ಜ್ವರ ಇಳಿಯಿತು. ಕಣ್ಣು ತೆರೆದರೆ ಎಡಗೈಗೆ ಪಟ್ಟಿ ಕಟ್ಟಿಕೊಂಡ ವೀರವ್ವ ಗಂಜಿಯ ಬಟ್ಟಲು ಹಿಡಿದು ಕುಳಿತಿದ್ದಳು.

"ನಾ ಮಾತು ಮುರೀಲಿಲ್ಲ," ಎಂದ ಅವನು. "ನೀ ಯಾಕ ಊರ ಮುಂದ ಹೇಳಿದಿ?"

"ಸತ್ತಾಂವನ ಮಾನ ನೀವು ಕಾದ್ರಿ. ಬದುಕಿದ್ದಾಂವಂದು ಕಾಯಾಕ ಯಾರರ ಬೇಕಲ್ರಿ?"

ಅವಳು ಮೊದಲ ಬಾರಿ 'ರಿ' ಎಂದಿದ್ದಳು! ಅವನು ಗಮನಿಸಿದ, ತುಟಿಯಂಚಿನಲ್ಲಿ ನಕ್ಕ.

ಅವಳ ಕಣ್ಣು ತುಂಬಿ ಬಂತು. "ನಾ ನಿಮ್ಮನ್ನ ಕೊಲ್ಲಾಕ ಕರಕೊಂಡ ಹೋಗಿದ್ದೆ."

"ಗೊತ್ತಿತ್ತು."

"ಗೊತ್ತಿದ್ದೂ ಬಂದ್ರಿ?"

"ನಿನ್ನ ಅಣ್ಣ ಸತ್ತ ಜಾಗ ಅದು. ನೀ ಕೇಳಿದ ಮ್ಯಾಲ ಒಲ್ಲೆ ಅನ್ನಾಕ ಹೆಂಗ ಬರ್ತೈತಿ?" ಸ್ವಲ್ಪ ತಡೆದು ಮತ್ತೆ ಹೇಳಿದ. "ಎರಡು ವರ್ಷ ಶಂಕ್ರಪ್ಪನ ಬಾಯಾಗ ಬರೇ ನಿನ್ನ ಸುದ್ದಿ ಕೇಳೇನಿ. ನಿನ್ನ ನೋಡೂಕಿಂತ ಮೊದಲ ಮನಸು ಸೋತಿತ್ತು. ಈ ಸಲ ಬಂದದ್ದೂ ಅದಕ್ಕ... ಒಮ್ಮೆ ನೋಡಿ ಹೋಗೋಣಂತ."

ವೀರವ್ವ ಬಟ್ಟಲನ್ನು ಮಂಚದ ಪಕ್ಕ ಇಟ್ಟಳು. ನೋಡಲು ಬಂದವನಿಗೆ ತಾನು ಕೊಟ್ಟದ್ದು ಕಲ್ಲಿನೇಟು!

"ಈಗ ಅದನ್ನ ಹೇಳಿ ಏನು ಉಪಯೋಗ?" ಅವನು ಮುಖ ತಿರುಗಿಸಿದ. "ಬಲಗೈ ಬೆರಳು ಇನ್ನ ಆಡಂಗಿಲ್ಲಂತ ಡಾಕ್ಟರು ಅಂದದ್ದು ಜ್ವರದಾಗೂ ಕೇಳೇನಿ. ನಿನ್ನಂಥಾಕಿ ಇಂಥಾವನ್ನ ಕಟ್ಟಿಕೊಂಡು..."

"ನಂದೂ ಎಡಗೈ ನೆಟ್ಟಗಾಗೂದು ಅನುಮಾನಂತ. ನಿಮ್ಮದೊಂದು, ನಂದೊಂದು. ಕೂಡಿಸಿದ್ರ ರೊಟ್ಟಿ ಬಡಿಯಾಕ ಸಾಕಾಗ್ತೈತಿ."

ಅವನು ನಗಲು ಹೋಗಿ ಬೆನ್ನಿನ ನೋವಿಗೆ 'ಹಾ' ಎಂದ. ಅವಳು ಗಾಬರಿಯಿಂದ ಅವನ ಕೈ ಹಿಡಿದಳು. ಹಿಡಿದವಳು ಬೇಗ ಬಿಡಲಿಲ್ಲ.

"ಅಪ್ಪ ಹೊರಗ ಕಟ್ಟಿ ಮ್ಯಾಲ ಕುಂತಾನ. ನಾಕು ದಿನ ಆತು, ಒಳಗ ಬರಾಕ ಮಾರಿ ಇಲ್ಲ ಅಂತಾನ."

"ಕರಿ ಅವರನ್ನ."

"ಕರೀತೇನಿ. ಆದ್ರ ಊರಿಗೆ ನಡಿ ಅಂತಾನ ನನಗ. ಏನ್ ಹೇಳ್ಲಿ?"

"ಏನ್ ಹೇಳ್ತಿ?"

"ಇವರು ಏಳೂ ತನಕ ಬರಂಗಿಲ್ಲ ಅಂತೇನಿ."

"ಎದ್ದ ಮ್ಯಾಲ?"

ವೀರವ್ವ ತಲೆ ತಗ್ಗಿಸಿ ಗಂಜಿಯ ಚಮಚ ಅವನ ತುಟಿಗೆ ಹಿಡಿದಳು.

"ಎದ್ದ ಮ್ಯಾಲ ನೀವ ಕೇಳ್ರಿ ಅಪ್ಪನ್ನ. ನಾ ಹೂಂ ಅಂದಾಗೈತಿ."